ಕೈ ಬಿಗಿಯಿರುವ ಮನೆಗೂ ಒಂದು ಕಾಯುವ ದಿನ



ಯಾವಾಗಲೂ ಬೀಜೋಪಚಾರ, ಸುರುಳಿಪೂಚಿ, ತಿಪ್ಪೆಗೊಬ್ಬರ ಎಂದು ಮಾತನಾಡುವವನು ನಾನು. ಈ ಹೊತ್ತು ಅದನ್ನೆಲ್ಲ ಬದಿಗಿಟ್ಟು ನಲಿವಿನ ವಿಚಾರ ಹೇಳಬೇಕೆಂದಿದ್ದೇನೆ. 'ಮಳೆ ಕೈಕೊಟ್ಟು ಕೂತಿದ್ದೀವಿ, ಈ ಸಾಹೇಬ್ರಿಗೆ ನಲಿವು ಬೇಕಾಯ್ತೇ?' ಎಂದು ಯಾರಾದರೂ ಗೊಣಗಿದರೆ ಅದು ನ್ಯಾಯವಾದ ಮಾತೇ. ಆದರೂ ಸ್ವಲ್ಪ ಕೇಳಿ.

ಒಂದು ವರ್ಷ ಕಡಲೆಕಾಯಿ ಬೆಳೆಹಾನಿ ಬರೆದುಕೊಳ್ಳಲು ಪಾವಗಡದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಆ ಮನೆಯ ಯಜಮಾನ ಕೊಳವೆಬಾವಿ ಬತ್ತಿದ ಮೇಲೆ ಬೆಂಗಳೂರಿಗೆ ಕಾವಲು ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ತಾಯಿ, ಅಜ್ಜಿ, ಏಳನೇ ತರಗತಿ ಓದುವ ಒಬ್ಬ ಹುಡುಗಿ. ಕಾಗದ ಬರೆಯುತ್ತಾ ಬರೆಯುತ್ತಾ ಸುಮ್ಮನೆ ಕೇಳಿದೆ, "ದಸರಾ ರಜಕ್ಕೆ ಎಲ್ಲಿಗೆ ಹೋಗ್ತೀಯವ್ವಾ?" "ಎಲ್ಲಿಗೂ ಇಲ್ಲ ಸಾರ್" ಅಂದಳು. "ಮತ್ತೆ ದೀಪಾವಳಿಗೆ?" ಅಂದೆ. ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ಮೊರದಲ್ಲಿ ಏನೋ ಕೇರುತ್ತಿದ್ದವರು ತಲೆ ಎತ್ತದೆಯೇ ಹೇಳಿದರು: "ನಮ್ಮನೇಲಿ ನೆನಪಿರೋ ದಿನ ಅಂದ್ರೆ ಮಂಗಳವಾರ ಒಂದೇ ಸಾರ್. ಕಂತು ಕಟ್ಟೋ ದಿನ."

ಆ ಮಾತು ನನ್ನ ಜೊತೆಗೇ ಬಂತು. ನಾಲ್ಕೂ ತಾಲ್ಲೂಕು ತಿರುಗುವವನು ನಾನು, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಅಂಥ ಮನೆಗಳು ಅಲ್ಲೊಂದು ಇಲ್ಲೊಂದು ಅಲ್ಲ, ಬೇಕಾದಷ್ಟಿವೆ. ದುಡ್ಡು ಕಮ್ಮಿಯಾದಾಗ ಮೊದಲು ಕತ್ತರಿ ಬೀಳುವುದು ಈ ಸಣ್ಣಪುಟ್ಟ ಸಂತೋಷಗಳಿಗೇ. ಗೊಬ್ಬರಕ್ಕೆ ಬೀಳುವುದಿಲ್ಲ, ಬಡ್ಡಿಗೆ ಬೀಳುವುದಿಲ್ಲ, ಹುಡುಗಿಯ ಬಳೆಗೆ ಬೀಳುತ್ತದೆ. ಒಂದು ವರ್ಷಕ್ಕೆ ಪರವಾಗಿಲ್ಲ. ಮೂರು ವರ್ಷ ಹೀಗೇ ಆದರೆ ಆ ಮನೆಯಲ್ಲಿ ಯಾರೂ ಯಾವುದಕ್ಕೂ ಕಾಯುವುದಿಲ್ಲ. ಆಮೇಲೆ ಗಂಡಸು ಸಂಜೆಯಾದರೆ ಕ್ವಾರ್ಟರ್ ಬಾಟಲಿನ ಕಡೆ ಹೋಗುತ್ತಾನೆ. ಕೇಳಿದರೆ 'ದುಡಿದವನಿಗೆ ಅದೊಂದೇ ಸಂತೋಷ ಸ್ವಾಮಿ' ಅನ್ನುತ್ತಾನೆ. ಅದು ನಿಜವೇ ಇರಬಹುದು. ಆದರೆ ಆ ಸಂತೋಷದಲ್ಲಿ ಹೆಂಡತಿ ಮಕ್ಕಳಿಗೆ ಪಾಲಿಲ್ಲ. ದಿನಕ್ಕೆ ನೂರು ರೂಪಾಯಿ ಅಂತ ಹಿಡಿದರೂ ತಿಂಗಳಿಗೆ ಮೂರು ಸಾವಿರ.

ಇನ್ನು ನನ್ನ ಮನೆಯ ಮಾತು ಹೇಳುತ್ತೇನೆ. 2001ರಿಂದ 2004ರವರೆಗೆ ನಮ್ಮ ರಾಜ್ಯಕ್ಕೆ ಒಂದರ ಮೇಲೊಂದು ಬರ ಬಂದದ್ದು ಹಿರಿಯರಿಗೆಲ್ಲ ನೆನಪಿದೆ. ನಾನಾಗ ಮಧುಗಿರಿ ತಾಲ್ಲೂಕಿನ ನಮ್ಮೂರಲ್ಲಿ ಶಾಲೆಗೆ ಹೋಗುವ ಹುಡುಗ. ಹೊಲದಲ್ಲಿ ಬಿತ್ತಿದ ಬೀಜವೂ ವಾಪಸು ಬರಲಿಲ್ಲ. ಆದರೆ ಹುಣಿಸೆ ಮರ ನಿಮಗೆ ಗೊತ್ತಲ್ಲ, ಬೇರು ಆಳಕ್ಕೆ ಇಳಿದಿರುತ್ತದೆ, ಬರಕ್ಕೂ ಒಂದಿಷ್ಟು ಕಾಯಿ ಕೊಡುತ್ತದೆ. ನಮ್ಮಮ್ಮ ಮಾಘ, ಫಾಲ್ಗುಣದಲ್ಲಿ ಕೂಲಿಗೆ ಹುಣಿಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಕೂಲಿ ದುಡ್ಡು ರಾಗಿಗೆ. ಹುಣಿಸೆಬೀಜ ಮಾರಿದ ದುಡ್ಡನ್ನು ಮಾತ್ರ ಒಂದು ಹಾರ್ಲಿಕ್ಸ್ ಡಬ್ಬಿಗೆ ಹಾಕಿ ದೇವರ ಗೂಡಿನ ಹಿಂದೆ ಇಟ್ಟಳು. 2003ರ ಆ ಬೇಸಿಗೆಯಲ್ಲಿ ನಮಗೆ ಹೇಳಿದಳು: ವೈಶಾಖದಲ್ಲಿ ಜಾತ್ರೆಗೆ ಹೋಗೋಣ, ಇದು ಅದಕ್ಕೇ, ಇದನ್ನ ಯಾರೂ ಮುಟ್ಟಕೂಡದು.

ನಮ್ಮಪ್ಪ ಬೈದ. ಮಳೆ ಇಲ್ಲದ ವರ್ಷ ಎಂಥಾ ಜಾತ್ರೆ ಅಂದ. ಒಂದು ಸಲ ಮೇವು ತರಲು ದುಡ್ಡು ಸಾಲದೆ ಆ ಡಬ್ಬಿಯ ಹತ್ತಿರಕ್ಕೂ ಹೋದ. ಅಮ್ಮ ತನ್ನ ಕಾಲುಚೈನು ಬಿಚ್ಚಿಕೊಟ್ಟಳೇ ಹೊರತು ಡಬ್ಬಿ ಕೊಡಲಿಲ್ಲ. ಇದು ಸರಿಯೋ ತಪ್ಪೋ ನಾನು ಹೇಳಲಾರೆ. ಲೆಕ್ಕ ಬಲ್ಲವರು ತಪ್ಪು ಅಂದಾರು. ನಾನೂ ನನ್ನ ತಂಗಿಯೂ ಅಡಿಗೆಮನೆಯ ಗೋಡೆಗೆ ಇದ್ದಿಲಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಿದ್ದೆವು. ಜಾತ್ರೆಯ ದಿನ ಬಸ್ಸು ಹತ್ತಿ ಹೋದೆವು, ತೇರು ನೋಡಿದೆವು, ತಂಗಿಗೆ ಬಳೆ, ನನಗೆ ಒಂದು ಪೀಪಿ, ಎಲ್ಲರಿಗೂ ಬೆಂಡು ಬತ್ತಾಸು ಕಡ್ಲೆಪುರಿ. ಡಬ್ಬಿ ಖಾಲಿಯಾಯಿತು. ಆ ತೇರು ಹೇಗಿತ್ತೆಂದು ಈಗ ಕೇಳಿದರೆ ನನಗೆ ಸರಿಯಾಗಿ ಜ್ಞಾಪಕವಿಲ್ಲ. ಗೋಡೆಯ ಮೇಲಿನ ಗೆರೆಗಳು ಜ್ಞಾಪಕವಿವೆ. ಎಪ್ಪತ್ತೆರಡು ಗೆರೆ. ಆ ಎಪ್ಪತ್ತೆರಡು ದಿನ ನಾವು ಬರಗಾಲದ ಮಕ್ಕಳಾಗಿರಲಿಲ್ಲ, ಜಾತ್ರೆಗೆ ಹೊರಟ ಮಕ್ಕಳಾಗಿದ್ದೆವು.

ಹೀಗೆ ಬೆಳೆದವನಿಗೆ ಬುದ್ಧಿ ಇರಬೇಕಿತ್ತು, ಅಲ್ಲವೇ? ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರ ಜಾತ್ರೆಗೆ ನೆಂಟರನ್ನೆಲ್ಲ ಕರೆದು ಬಾಡೂಟ ಹಾಕಿಸಿದೆ. ಇಪ್ಪತ್ತು ಸಾವಿರ ಕೈಸಾಲ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 600 ರೂಪಾಯಿ, ವರ್ಷಕ್ಕೆ 7,200. ಉಂಡ ನೆಂಟರು 'ಭೇಷಾಗಿತ್ತು' ಎಂದು ಎಲೆಯಡಿಕೆ ಹಾಕಿಕೊಂಡು ಹೋದರು. ಮುಂದಿನ ವರ್ಷ ಮತ್ತೆ ತೇರು ಹರಿಯಿತು, ಹಿಂದಿನ ತೇರಿನ ಬಡ್ಡಿ ಇನ್ನೂ ನಿಂತಿರಲಿಲ್ಲ. ಆ ಎರಡನೇ ಜಾತ್ರೆಗೆ ನಾನು ಊರಿಗೇ ಹೋಗಲಿಲ್ಲ, ಕೆಲಸದ ನೆವ ಹೇಳಿ ತಪ್ಪಿಸಿಕೊಂಡೆ.

ಆಗ ನನಗೆ ಹೊಳೆದದ್ದು ಇಷ್ಟು. ಕಳೆದುಹೋದ ಹಬ್ಬಕ್ಕೆ ದುಡ್ಡು ಕಟ್ಟುವುದು ಬೇರೆ, ಬರುವ ಹಬ್ಬಕ್ಕೆ ದುಡ್ಡು ಕಟ್ಟುವುದು ಬೇರೆ. ರೂಪಾಯಿ ಅದೇ, ವಾರವೂ ಅದೇ. ಒಂದನ್ನು ಕಟ್ಟುವಾಗ ಮುಖ ಗಂಟಾಗುತ್ತದೆ. ಇನ್ನೊಂದನ್ನು ಕಟ್ಟಿದ ದಿನ ಮನೆಯಲ್ಲಿ 'ಇನ್ನೆಷ್ಟು ವಾರ?' ಎಂದು ಕೇಳುತ್ತಾರೆ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ನಮ್ಮ ಕಡೆ ಯುಗಾದಿ ಚೀಟಿ ನಡೆಸುವವರಿಗೆ ಇದು ಎಂದಿನಿಂದಲೂ ಗೊತ್ತು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಮಾಂಸ ತಿನ್ನುವ ಮನೆಯಲ್ಲಿ ಆ ದಿನ ಒಲೆಯ ಮೇಲೆ ಸಾರು ಕುದಿಯದಿದ್ದರೆ ಮಕ್ಕಳು ಪಕ್ಕದ ಮನೆಯ ವಾಸನೆ ಹಿಡಿಯುತ್ತಾ ಕೂರುತ್ತಾರೆ. ಅದಕ್ಕೇ ಒಂದು ಕೇರಿಯ ಇಪ್ಪತ್ತು ಮೂವತ್ತು ಮನೆಯವರು ಸೇರಿ ವರ್ಷವಿಡೀ ವಾರಕ್ಕಿಷ್ಟು ಎಂದು ಹಾಕುತ್ತಾರೆ. ಕೂಡಿದ ದುಡ್ಡನ್ನು ಚೀಟಿಯ ಒಳಗಿನವರಿಗೇ ಕಡಿಮೆ ಬಡ್ಡಿಗೆ ಕೊಟ್ಟು ತೆಗೆಯುವುದೂ ಉಂಟು. ಹಬ್ಬ ಹತ್ತಿರವಾದಾಗ ನಾಲ್ಕು ಜನ ಸಂತೆಗೆ ಹೋಗಿ ಕುರಿ ಮೇಕೆ ನೋಡಿ ತರುತ್ತಾರೆ. ಹೊಸತೊಡಕಿನ ಬೆಳಗಿನ ಜಾವ ಕೊಯ್ದು ಬಾಳೆಲೆಯ ಮೇಲೆ ಗುಡ್ಡೆ ಹಾಕುತ್ತಾರೆ. ಎಲುಬು, ಈಲಿ, ಬೋಟಿ ಎಲ್ಲ ಎಲ್ಲ ಗುಡ್ಡೆಗೂ ಸಮವಾಗಿ ಬೀಳಬೇಕು. ಪಾತ್ರೆ ಹಿಡಿದು ಸುತ್ತ ನಿಂತ ಹುಡುಗರ ಕಣ್ಣು ತಕ್ಕಡಿಗಿಂತ ನಿಖರ.

ಲೆಕ್ಕ ನೋಡಿ. ವಾರಕ್ಕೆ 50 ರೂಪಾಯಿ ಹಾಕಿದರೆ 52 ವಾರಕ್ಕೆ 2,600 ರೂಪಾಯಿ. ಮಾಂಸ ಕೆ.ಜಿ.ಗೆ 800 ರೂಪಾಯಿ ಎಂದು ಹಿಡಿದರೆ ಎರಡು ಕೆ.ಜಿ.ಗೆ 1,600. ಇನ್ನು ಉಳಿದ ಸಾವಿರದಲ್ಲಿ ಒಬ್ಬಟ್ಟಿಗೆ ಬೇಳೆ, ಬೆಲ್ಲ, ಎಣ್ಣೆ. ಮಾಂಸ ಮುಟ್ಟದ ಮನೆಯವರು ಅದೇ ಚೀಟಿಯನ್ನು ಬಟ್ಟೆಗೋ ಯಾತ್ರೆಗೋ ಮಾಡಿಕೊಳ್ಳಬಹುದು. ನನ್ನ ಒಂದು ವರ್ಷದ ಬಾಡೂಟದ ಬಡ್ಡಿಯಲ್ಲಿ ಇಂಥ ಎರಡು ಯುಗಾದಿ ಮಾಡಿಯೂ ದುಡ್ಡು ಮಿಗುತ್ತಿತ್ತು.

ಒಂದು ಎಚ್ಚರಿಕೆ. ಹಬ್ಬದ ಚೀಟಿ ಹೆಸರಿನಲ್ಲಿ ದುಡ್ಡು ಎತ್ತಿಕೊಂಡು ಊರುಬಿಟ್ಟವರ ಕಥೆಗಳನ್ನೂ ನೀವು ಕೇಳಿದ್ದೀರಿ. ಗುರುತಿಲ್ಲದವನು ಪಾತ್ರೆ ಕೊಡುತ್ತೇನೆ, ಬೆಳ್ಳಿ ದೀಪ ಕೊಡುತ್ತೇನೆ ಎಂದು ಚೀಟಿ ಪುಸ್ತಕ ಹಿಡಿದು ಬಂದರೆ ನೀರು ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ. ಚೀಟಿಯಲ್ಲಿರುವವರು ನಿಮ್ಮ ಕೇರಿಯವರೇ ಆಗಿರಲಿ. ತಿಂಗಳಿಗೊಮ್ಮೆ ಅರಳಿಕಟ್ಟೆಯಲ್ಲಿ ಲೆಕ್ಕ ಗಟ್ಟಿಯಾಗಿ ಓದಲಿ, ಓದುವುದು ಹೈಸ್ಕೂಲಿನ ಹುಡುಗಿಯಾದರೆ ಇನ್ನೂ ಒಳ್ಳೆಯದು. ಯಾರನ್ನೂ ನಂಬಲಾರೆ ಎನ್ನುವವರಿಗೆ ಅಂಚೆ ಕಚೇರಿ ಇದ್ದೇ ಇದೆ, 500 ರೂಪಾಯಿಗೆ ಉಳಿತಾಯ ಖಾತೆ ತೆರೆಯುತ್ತಾರೆ.

ಇನ್ನು ದುಡ್ಡೇ ಬೇಡದ, ಬರೀ ಬಿತ್ತಿದರೆ ಬರುವ ಸಂತೋಷ. ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಬರುತ್ತದೆ, ಕ್ಷಮಿಸಿ.

ಸೊಗಡಿನ ಅವರೆ ಯಾಕೆ ಚಳಿಗಾಲಕ್ಕೇ ಬರುತ್ತದೆ? ನಾಡ ಅವರೆ ಗಿಡ ಹಗಲನ್ನು ಅಳೆಯುತ್ತದೆ. ಹಗಲು ಗಿಡ್ಡವಾಗಿ ರಾತ್ರಿ ಉದ್ದವಾಗುವ ತನಕ ಅದು ಹೂ ಬಿಡುವುದಿಲ್ಲ. ನೀವು ಆಷಾಢದಲ್ಲಿ ಬಿತ್ತಿ ಎಷ್ಟೇ ಬೇಡಿಕೊಂಡರೂ ಅಷ್ಟೇ. ಆಮೇಲೆ ಇಬ್ಬನಿ ಬಿದ್ದಷ್ಟೂ ಕಾಯಿಯ ಮೇಲೆ ಜಿಡ್ಡು ಕಟ್ಟಿ ಸೊಗಡು ಏರುತ್ತದೆ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳಿಗೆ ಈ ಕಟ್ಟುಪಾಡಿಲ್ಲ, ನೀರಿದ್ದರೆ ಯಾವ ಕಾಲಕ್ಕೂ ಕಾಯಿ ಬಿಡುತ್ತವೆ. ಮಾರುಕಟ್ಟೆಗೆ ಅವನ್ನು ಹಾಕಿ ಎಂದು ನಾನೇ ನಿಮಗೆ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಆದರೆ ಮನೆಯ ಬಾಯಿಗೆ ರಾಗಿ ಹೊಲದಲ್ಲಿ ನಾಡ ಅವರೆಯ ಅಕ್ಕಡಿ ಸಾಲು ಬಿಡಬೇಡಿ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಸಾಕು. ರಾಗಿ ಕಟಾವಾದ ಮೇಲೂ ಬಳ್ಳಿ ಹೊಲದಲ್ಲಿ ನಿಂತಿರುತ್ತದೆ. ಪುಷ್ಯ ಮಾಸದ ಒಂದು ಸಂಜೆ ಕಾಳು ನೆನೆಹಾಕಿ, ಮಾರನೆಯ ದಿನ ಮನೆಮಂದಿಯೆಲ್ಲ ಸುತ್ತ ಕೂತು ಹಿತುಕುವುದು, ಹುಡುಗರು ಕಾಳನ್ನು ಒಬ್ಬರ ಮೇಲೊಬ್ಬರು ಚಿಮ್ಮಿಸಿ ಅಜ್ಜಿಯಿಂದ ಬೈಸಿಕೊಳ್ಳುವುದು, ಆಮೇಲೆ ಹಿತುಕಿದ ಬೇಳೆ ಸಾರು, ಬಿಸಿ ಮುದ್ದೆ. ಇದಕ್ಕೆ ಯಾವ ಅಂಗಡಿಯ ಸಾಲವೂ ಬೇಕಿಲ್ಲ.

ಕಡಲೆಕಾಯಿ ಕಿತ್ತಾಗ ಹೊಲದಲ್ಲೇ ಒಣಸೊಪ್ಪು ಗುಡ್ಡೆ ಮಾಡಿ ಸುಟ್ಟು, ಮಸಿ ಕೈಯಲ್ಲಿ ಬೆಲ್ಲದ ಜೊತೆ ತಿನ್ನುವುದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಪಾವಗಡದ ತಿರುಮಣಿಯ ಕಡೆ ಒಬ್ಬ ಮುದುಕಿ ಹೇಳಿದ ಮಾತು ಹೇಳುತ್ತೇನೆ. ಅಲ್ಲಿ ಐದು ಹಳ್ಳಿಗಳ ರೈತರು ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದಾರೆ. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು, ಒಟ್ಟು 2,050 ಮೆಗಾವಾಟಿನದು. ಗುತ್ತಿಗೆ ಮೊದಲು ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಗೊತ್ತಾಯಿತು, ಎರಡು ವರ್ಷಕ್ಕೊಮ್ಮೆ ಏರಿಸುವ ಕರಾರೂ ಆಯಿತು. ಆ ಮುದುಕಿ ಅಂದದ್ದು: "ದುಡ್ಡು ಬತ್ತದೆ ಸ್ವಾಮಿ, ಸುಳ್ಳೇಕೆ. ಕಡ್ಲೆಕಾಯಿ ಸುಡೋಕೆ ಹೊಲ ಇಲ್ಲ." ಮನೆ ಹಿಂದೆ ಎರಡು ಗುಂಟೆ ಇದೆಯಲ್ಲ, ಅಲ್ಲೇ ನಾಲ್ಕು ಸಾಲು ಹಾಕಿಸವ್ವಾ ಎಂದೆ. ನಕ್ಕಳು. ಮುಂದಿನ ಸಲ ಹೋದಾಗ ಹಾಕಿಸಿದ್ದಳು. ಮೊಮ್ಮಕ್ಕಳಿಗಂತೆ. ಹೀಗೆ ವರ್ಷಕ್ಕೊಮ್ಮೆ ಇಡಿಗಂಟು ದುಡ್ಡು ಬರುವ ಮನೆಯವರು ಬಂದ ದಿನವೇ ವರ್ಷದ ಎರಡು ಮೂರು ನಲಿವಿನ ದಿನಗಳ ಪಾಲು ತೆಗೆದಿಡುವುದು ಒಳ್ಳೆಯದು. ಒಂದು ತಿಂಗಳು ಬಿಟ್ಟರೆ ಅದು ಎಲ್ಲಿ ಹೋಯಿತೆಂದೇ ತಿಳಿಯದು.

ಹೆಣ್ಣುಮಕ್ಕಳೇ, 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ಟಿನ ಖರ್ಚಿಲ್ಲ, ಆಧಾರ್ ಕಾರ್ಡು ಜೊತೆಗಿರಲಿ. ನಮ್ಮ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು, ಅವಕ್ಕೆ ಇದು ಅನ್ವಯಿಸದು, ಆದ್ದರಿಂದ ಸರ್ಕಾರಿ ಬಸ್ಸಿನ ಹೊತ್ತು ಕೇಳಿಕೊಂಡು ಹೊರಡಿ. ದೂರದ ಊರಿಗೇ ಹೋಗಬೇಕೆಂದಿಲ್ಲ. ಶಿರಾದ ಹತ್ತಿರ ಕಗ್ಗಲಡು ಇದೆ. ಊರ ನಡುವಿನ ಹುಣಿಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. ವರ್ಷದ ಮೊದಲ ತಿಂಗಳುಗಳಲ್ಲಿ ಬರುತ್ತವೆ, ಬೇಸಿಗೆಯಲ್ಲಿ ಮರಿಗಳ ಗಲಾಟೆ, ಮರಿಗಳಿಗೆ ರೆಕ್ಕೆ ಬಲಿತು ಮುಂಗಾರು ಹಿಡಿದ ಮೇಲೆ ಹೊರಡುತ್ತವೆ. 1999ರ ಸುಮಾರಿಗೆ ಹೊರಗಿನವರಿಗೆ ಈ ಜಾಗ ತಿಳಿಯಿತು, ಊರವರು ಅದಕ್ಕೂ ಮೊದಲಿನಿಂದ ಹಕ್ಕಿಗಳನ್ನು ಕಾಪಾಡಿಕೊಂಡು ಬಂದವರು. ಅಲ್ಲಿಗೆ ಹೋದರೆ ಮರಕ್ಕೆ ಕಲ್ಲು ಬೀಸಬೇಡಿ, ಪಟಾಕಿ ಬೇಡ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 800 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳಿಗೆಂದು ಜಯಮಂಗಲಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಸುತ್ತಲ ಹೊಲದವರು ಇದನ್ನು ಕೇಳಿ 'ಅವನ್ನ ನೋಡೋಕೆ ಅಲ್ಲೀಗಂಟ ಯಾಕೆ, ನಮ್ಮ ಕಡ್ಲೆ ಹೊಲಕ್ಕೇ ಬತ್ತವೆ' ಅನ್ನುತ್ತಾರೆ, ಅವರ ಕಷ್ಟವೂ ನಿಜ. ಮಕ್ಕಳನ್ನು ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿ, ಒಳಗೆ ಹೋಗುವ ಮುನ್ನ ಅರಣ್ಯ ಇಲಾಖೆಯವರನ್ನು ಕೇಳಿ. ಕೊರಟಗೆರೆಯ ಸಿದ್ಧರಬೆಟ್ಟ ಮಳೆ ಬಿದ್ದ ಮೇಲೆ ಚೆನ್ನು. ಬುತ್ತಿ ಮಾತ್ರ ಮನೆಯಿಂದಲೇ ಕಟ್ಟಿಕೊಳ್ಳಿ. ಖರ್ಚೆಲ್ಲ ಇರುವುದು ಬೆಟ್ಟದಲ್ಲಲ್ಲ, ಬುಡದ ಅಂಗಡಿಗಳಲ್ಲಿ.

ಕುರುಕ್ಷೇತ್ರ ನಾಟಕದ ಮಾತು ಎತ್ತದೆ ಹೋದರೆ ನಮ್ಮ ಜಿಲ್ಲೆಯವನೇ ಅಲ್ಲ ಅಂತೀರಿ. ಗುಬ್ಬಿ ಕಂಪನಿ ಹುಟ್ಟಿದ ನೆಲ ಇದು. ಊರಿನ ರೈತರೇ ಬಣ್ಣ ಹಚ್ಚಿ ಬೆಳಗಿನ ತನಕ ಕಂದ ವೃತ್ತ ಹಾಡುವುದು ಎಲ್ಲಿ ಸಿಕ್ಕೀತು? ಆದರೆ ಪಾತ್ರಕ್ಕೆ ದುಡ್ಡು. ಕೃಷ್ಣ, ದುರ್ಯೋಧನ ಎಂದು ಪಾತ್ರ ದೊಡ್ಡದಾದಷ್ಟೂ ಕೈಯಿಂದ ಹಾಕುವ ಹಣ ದೊಡ್ಡದು. ಸೀನರಿ ಬಾಡಿಗೆ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸ್ತ್ರೀಪಾತ್ರಕ್ಕೆ ಹೊರಗಿನ ಕಲಾವಿದೆಯರು. ಕೃಷ್ಣನ ಪಾತ್ರಕ್ಕೆ ಹಸು ಮಾರಿದವನನ್ನು ನಾನು ಬಲ್ಲೆ. ನಾನು ವಿದುರನಾಗಿದ್ದೆ, ಕಮ್ಮಿಗೆ ಸಿಕ್ಕಿತು. ನಿಮಗೆ ನನ್ನ ಸಲಹೆ ಕೇಳಿದರೆ, ಮೂರು ತಿಂಗಳು ರಾತ್ರಿ ನಡೆಯುವ ತಾಲೀಮೇ ನಾಟಕಕ್ಕಿಂತ ಸೊಗಸು. ತಪ್ಪು ಹಾಡಿ ಮೇಷ್ಟ್ರಿಂದ ಬೈಸಿಕೊಳ್ಳುವ ದುರ್ಯೋಧನನನ್ನು ನೋಡಲು ಊರಿಗೆ ಊರೇ ಕಂಬಳಿ ಹೊದ್ದು ಕೂರುತ್ತದೆ, ಅದಕ್ಕೆ ಟಿಕೆಟ್ಟಿಲ್ಲ. ಪಾತ್ರ ಬೇಕೇ ಬೇಕೆಂದರೆ ಈ ವರ್ಷದಿಂದ ಚೀಟಿ ಹಾಕಿ, ಮುಂದಿನ ವರ್ಷ ಬಣ್ಣ ಹಚ್ಚಿ. ಅಲ್ಲೀವರೆಗೆ ಕಂದಗಳು ಇನ್ನೂ ಚೆನ್ನಾಗಿ ಬಾಯಿಗೆ ಬಂದಿರುತ್ತವೆ.

ಬಚ್ಚಲ ನೀರು ಹರಿಯುವ ಕಡೆ ಎರಡು ಕನಕಾಂಬರ ಗಿಡ ನೆಡಿ. ನೆಟ್ಟು ಎರಡು ಮೂರು ತಿಂಗಳಿಗೆ ತೆನೆ ಬಿಡುತ್ತದೆ, ಒಂದೊಂದು ತೆನೆಯೂ ಬುಡದಿಂದ ತುದಿಯವರೆಗೆ ಅರಳಲು ಎರಡು ಮೂರು ವಾರ ತೆಗೆದುಕೊಳ್ಳುತ್ತದೆ. ದುಂಡುಮಲ್ಲಿಗೆಯಿದ್ದರೆ ಡಿಸೆಂಬರ್ ಕೊನೆಗೆ ನೀರು ಕಡಿಮೆ ಮಾಡಿ ಸವರಿ, ಬೇಸಿಗೆಗೆ ಮೊಗ್ಗು.

ಆ ಹುಡುಗಿಯ ಮನೆಗೆ ಆಮೇಲೆ ಎರಡು ಸಲ ಹೋದೆ. ಕಂತಿನ ಮಂಗಳವಾರ ಹಾಗೇ ಇದೆ, ಇನ್ನೂ ಒಂದು ವರ್ಷ ಇರುತ್ತದೆ. ನಾನು ನಮ್ಮಮ್ಮನ ಡಬ್ಬಿಯ ಕಥೆ ಹೇಳಿದ್ದೆ, ಬೇರೇನೂ ಹೇಳಿರಲಿಲ್ಲ. ಅವರು ಬುಧವಾರ ಬುಧವಾರ ಇಪ್ಪತ್ತು ರೂಪಾಯಿ ಒಂದು ಡಬ್ಬಿಗೆ ಹಾಕುತ್ತಿದ್ದಾರೆ. ವರ್ಷಕ್ಕೆ 1,040 ರೂಪಾಯಿ. ಎರಡು ವಾರ ತಪ್ಪಿತಂತೆ, ಅಜ್ಜಿಗೆ ಜ್ವರ ಬಂದಿತ್ತು. ಕಗ್ಗಲಡಿನ ಹಕ್ಕಿ ಯಾವಾಗ ಬರುತ್ತವೆ ಸಾರ್ ಎಂದು ಹುಡುಗಿ ಕೇಳಿದಳು. ಏಪ್ರಿಲ್ ಹೊತ್ತಿಗೆ ಮರಿ ನೋಡಬಹುದು, ಪರೀಕ್ಷೆಯೂ ಮುಗಿದಿರುತ್ತದೆ ಎಂದೆ. ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ ಹಾಳೆ ಎತ್ತಿ ಒಂದು ಭಾನುವಾರಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದಳು. ಯುಗಾದಿಗೆ ಅಪ್ಪ ಬರುತ್ತಾನೆ, ರಜ ಸಿಕ್ಕರೆ ಅವನೂ ಜೊತೆಗೆ.

ಮುಂಗಾರಿಗೆ ಮುಂಚೆ ಅವರೆ ಬೀಜ ಎತ್ತಿಟ್ಟುಕೊಳ್ಳುವುದನ್ನು ಮರೆಯಬೇಡಿ. ಬೂದಿ ಬೆರೆಸಿ ಮಡಕೆಯಲ್ಲಿಟ್ಟರೆ ಹುಳ ಕಡಿಮೆ. ನಾಡ ಅವರೆ ಬೀಜ ಇಲ್ಲದವರು ನೆರೆಹೊರೆಯಲ್ಲಿ ಕೇಳಿ, ಒಂದು ಹಿಡಿ ಕೊಡದ ಮನೆ ನಮ್ಮ ಸೀಮೆಯಲ್ಲಿಲ್ಲ.